ನಡುಕೋಣೆಯ ಚಿಲಕ

ನಲವತ್ನಾಲ್ಕು ತುಂಬಿದರೂ ಮನೆಯವರ ಬಾಯಲ್ಲಿ ಅವಳು ಪುಟ್ಟಿಯೇ. ಕೆಲಸದ ಜಾಗದಲ್ಲಿ ಮಾತ್ರ ಮೇಡಂ. ಆ ಕೆಲಸ ಬಾಗಿಲುಗಳ ಸಂಗ್ರಹಾಲಯದಲ್ಲಿ. ಹಿಂದೆ ಉಗ್ರಾಣವಾಗಿದ್ದ ಉದ್ದನೆಯ ಕಟ್ಟಡದಲ್ಲಿ ಎಪ್ಪತ್ತಮೂರು ಬಾಗಿಲುಗಳನ್ನು ಚೌಕಟ್ಟು ಸಮೇತ ನಿಲ್ಲಿಸಿದ್ದರು. ಕೋಟೆಯದು, ಸೆರೆಮನೆಯದು, ಧಾನ್ಯದ ಕೊಠಡಿಯದು, ಯಾರದೋ ಅಡುಗೆಮನೆಯದು. ಬಂದವರಿಗೆ ಒಂದೊಂದನ್ನೇ ತೋರಿಸಿ ವಿವರಿಸುವುದು ಹತ್ತೊಂಬತ್ತು ವರ್ಷಗಳಿಂದ ಅವಳ ಕೆಲಸ.

ಮಾತಿನಲ್ಲಿ ಪುಟ್ಟಿಯದು ಎತ್ತಿದ ಕೈ. ಗಿಡ್ಡ ಬಾಗಿಲಿನ ಮುಂದೆ ನಿಂತು, "ಒಳಗೆ ಬರೋನು ಮೊದಲು ತಲೆ ಕೊಡಬೇಕು. ಕಳ್ಳ ಆದ್ರೆ ಒಳಗೆ ದೊಣ್ಣೆ ಕಾಯ್ತಿರುತ್ತೆ. ನೆಂಟ ಆದ್ರೆ, ಬಗ್ಗಿದ್ದನ್ನೇ ಮರ್ಯಾದೆ ಅಂತ ತಿಳ್ಕೊಳ್ಳೋದು" ಎಂದರೆ ಜನ ನಗುತ್ತಿದ್ದರು. ಲೋಹದ ಕೀಲು ಬರುವ ಮೊದಲು ಬಾಗಿಲುಗಳು ಕಲ್ಲಿನ ಗುಳಿಯೊಳಗೆ ಮರದ ಗೂಟದ ಮೇಲೆ ತಿರುಗುತ್ತಿದ್ದುದನ್ನು ತಿರುಗಿಸಿಯೇ ತೋರಿಸುತ್ತಿದ್ದಳು. ಕೊನೆಗೆ, ಒಳಚಿಲಕವಿರುವ ತೆಳ್ಳನೆಯ ಬಾಗಿಲಿನ ಹತ್ತಿರ ಬಂದು ದನಿ ತಗ್ಗಿಸುತ್ತಿದ್ದಳು.

"ಇದು ಇಲ್ಲಿರೋದ್ರಲ್ಲಿ ಎಲ್ಲಕ್ಕಿಂತ ಚಿಕ್ಕ ವಯಸ್ಸಿಂದು. ಬಾಗಿಲು ಹುಟ್ಟಿದ್ದು ಹೊರಗಿನವರನ್ನ ಹೊರಗಿಡೋಕೆ. ಒಳಗಿರೋರು ಒಬ್ಬರಿಂದ ಒಬ್ಬರು ಮರೆಯಾಗೋ ಯೋಚನೆ ತುಂಬಾ ತಡವಾಗಿ ಬಂದಿದ್ದು. ದೊಡ್ಡ ದೊಡ್ಡ ಬಂಗಲೆಗಳಲ್ಲೂ ಒಂದು ಕೋಣೆ ದಾಟಿಯೇ ಇನ್ನೊಂದಕ್ಕೆ ಹೋಗಬೇಕಿತ್ತು."

ಒಂದು ದಿನ ಗುಂಪಿನಲ್ಲಿದ್ದ ವಯಸ್ಸಾದ ಹೆಂಗಸೊಬ್ಬರು, ಕೆಟ್ಟ ಉದ್ದೇಶವೇನೂ ಇಲ್ಲದೆ, "ನಿಮ್ಮ ರೂಮಿನ ಬಾಗಿಲು ಎಂಥದ್ದು ಮೇಡಂ?" ಎಂದು ಕೇಳಿದರು.

ಪುಟ್ಟಿ ಆ ಒಳಚಿಲಕವನ್ನು ಒಮ್ಮೆ ಹಾಕಿ ತೆಗೆದಳು. "ಇದೆ, ಸಾಧಾರಣದ್ದು" ಎಂದು ಹೇಗೋ ತೇಲಿಸಿಬಿಟ್ಟಳು.

ಅವಳ ಕೋಣೆಗೆ ಬಾಗಿಲೇ ಇರಲಿಲ್ಲ. ಮನೆ ರೈಲಿನ ಡಬ್ಬಿಗಳ ಹಾಗೆ ಸಾಲಾಗಿತ್ತು. ಮುಂದೆ ಹಾಲು, ಅದರ ಒಂದು ಬದಿಗೆ ಅಣ್ಣ ಅತ್ತಿಗೆಯ ರೂಮು, ಇನ್ನೊಂದು ಬದಿಗೆ ಹಿಂದಿನವರೆಗೂ ಚಾಚಿದ ಅಡುಗೆಮನೆ, ಹಾಲಿನ ಹಿಂದೆ ನಡುವೆ ಪುಟ್ಟಿಯ ಕೋಣೆ, ಅದರ ಹಿಂದೆ ಬಚ್ಚಲು. ಬಚ್ಚಲಿಗೆ ಹೋಗುವವರೆಲ್ಲ ಅವಳ ಕೋಣೆ ದಾಟಿಯೇ ಹೋಗಬೇಕು. ಹಾಲಿನ ಕಡೆಗೆ ಒಂದು ಪರದೆ, ಬಚ್ಚಲಿನ ಬಾಗಿಲ ಮುಂದೆ ಇನ್ನೊಂದು. ಅಣ್ಣ ಬೆಳಗಿನ ಐದಕ್ಕೆ, "ನಾನು ನೋಡಲ್ಲ, ನೀನು ಮಲಕ್ಕೋ" ಎನ್ನುತ್ತ ಸಾಗುತ್ತಿದ್ದ. ಅಷ್ಟು ಹೇಳಿದ ಮೇಲೆ ಯಾರಿಗೆ ನಿದ್ದೆ ಬರುತ್ತದೆ? ಸೀರೆ ಬದಲಿಸಬೇಕಾದರೆ ಬೀರುವಿನ ಕದ ತೆರೆದು ಅದರ ಮರೆಗೆ ಸರಿಯುತ್ತಿದ್ದಳು. ಫೋನಿನಲ್ಲಿ ಗುಟ್ಟು ಮಾತಾಡಿದವಳಲ್ಲ, ಅತ್ತರೆ ದಿಂಬಿಗೆ ಮುಖ ಒತ್ತಿ, ಅದೂ ಅಮ್ಮ ಟೀವಿಯ ದನಿ ಜೋರು ಮಾಡಿದಾಗ. ಅಪ್ಪ ಕಟ್ಟಿಸಿದ್ದ ಮನೆ. ಇದ್ದೊಬ್ಬ ಮಗಳು ಹೇಗೂ ಮದುವೆಯಾಗಿ ಹೋಗುತ್ತಾಳೆ ಎಂದು ಆ ಕೋಣೆಯನ್ನು ದಾರಿ ಎಂದೇ ಎಣಿಸಿದ್ದ. ಅವಳು ಹೋಗಲಿಲ್ಲ, ದಾರಿ ದಾರಿಯಾಗಿಯೇ ಉಳಿಯಿತು.

ಆ ಹೆಂಗಸಿನ ಪ್ರಶ್ನೆ ವಾರವಿಡೀ ಅವಳನ್ನು ಕೊರೆಯಿತು. ಭಾನುವಾರ ಊಟದ ಹೊತ್ತಿಗೆ ತಟ್ಟೆ ನೋಡುತ್ತಲೇ ಹೇಳಿದಳು, "ನನ್ನ ರೂಮಿಗೆ ಬಾಗಿಲು ಇಡಿಸ್ತೀನಿ. ಬಚ್ಚಲಿಗೆ ಅಡುಗೆಮನೆ ಕಡೆಯಿಂದ ಗೋಡೆ ಒಡೆದು ದಾರಿ ಮಾಡಿಸೋಣ."

ಅಣ್ಣ ಅನ್ನ ಕಲಸುವುದನ್ನು ನಿಲ್ಲಿಸಿದ. "ಆ ಗೋಡೆ ಮುಟ್ಟಿದ್ರೆ ಸೂರು ಕೂತುಬಿಡುತ್ತೆ."

"ಗಾರೆ ಕೆಲಸದವನನ್ನ ಕರ್ಕೊಂಡು ಬಂದು ತೋರಿಸಿದ್ದೀನಿ. ಏನೂ ಆಗಲ್ಲ ಅಂದ."

"ಯಾವಾಗ ಕರ್ಕೊಂಡು ಬಂದಿದ್ದೆ?"

"ನೀವೆಲ್ಲ ಮದುವೆಗೆ ಹೋಗಿದ್ರಲ್ಲ, ಆವಾಗ."

ಅಮ್ಮ ಮುಖ ಗಂಟಿಕ್ಕಿದಳು. "ಸ್ವಂತ ಮನೆಯೊಳಗೆ ಚಿಲಕ ಹಾಕ್ಕೊಂಡು ಕೂರೋದಾ? ನಾವೇನು ಕಳ್ಳರಾ? ಅಂಥದ್ದೇನಿದೆ ನಿನ್ನ ಹತ್ರ ಮುಚ್ಚಿಡೋಕೆ?"

ಏನೂ ಇಲ್ಲ ಎಂಬುದೇ ಪುಟ್ಟಿಯ ಸಂಕಟ. ಮುಚ್ಚಿಡುವಂಥದ್ದೊಂದು ತನ್ನ ಬಳಿ ಹುಟ್ಟುವುದಕ್ಕೂ ಈ ಮನೆಯಲ್ಲಿ ಜಾಗವಿರಲಿಲ್ಲ. ಅದನ್ನು ಹೇಳುವ ಬದಲು ಇನ್ನಷ್ಟು ಸಾರು ಬಡಿಸಿಕೊಂಡಳು. ಅತ್ತಿಗೆ ಮಾತ್ರ ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ, ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿಕೊಂಡು ಎದ್ದುಹೋದಳು. ಅವಳಿಗೆ ಹೊಟ್ಟೆಯುರಿ ಎಂದುಕೊಂಡಳು ಪುಟ್ಟಿ.

ಎರಡು ತಿಂಗಳು ಮುನಿಸು, ಮೌನ, ಪಾತ್ರೆ ಕುಕ್ಕುವುದು ಎಲ್ಲ ನಡೆಯಿತು. ಕೊನೆಗೆ ಅಣ್ಣನೇ ಸೋತ. ಗೋಡೆ ಒಡೆದರು, ಸೂರು ಕೂರಲಿಲ್ಲ. ಬಚ್ಚಲಿನ ಕಡೆಯ ದಾರಿಗೆ ಇಟ್ಟಿಗೆ ತುಂಬಿ ಗಿಲಾವು ಮಾಡಿದರು. ಹಾಲಿನ ಕಡೆಗೆ ಸಂಗ್ರಹಾಲಯದ ಬಡಗಿಯೇ ಕೈಯಾರೆ ಮಾಡಿದ ಬಾಗಿಲು ಬಂತು, ಒಳಗಡೆ ಹಿತ್ತಾಳೆಯ ಚಿಲಕ. ಮೊದಲ ಸಲ ಅದನ್ನು ಸರಿಸಿದಾಗ ಪುಟ್ಟಿಗೆ ಏನು ಮಾಡಬೇಕೆಂದೇ ತೋಚಲಿಲ್ಲ. ಕೋಣೆಯ ನಟ್ಟನಡುವೆ ನಿಂತು, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಳ್ಳುವವಳ ಹಾಗೆ ಸುತ್ತ ನೋಡಿದಳು. ಆಮೇಲೆ ಸುಮ್ಮನೆ ಮಲಗಿದಳು, ಕಾಲು ಚಾಚಿ, ಸೆರಗು ಹೇಗೆ ಬಿದ್ದರೆ ಹಾಗೆ.

ಹತ್ತನೆಯ ದಿನ, ಮತ್ತೊಂದು ಭಾನುವಾರ, ಬೆಳಗಿನ ತಿಂಡಿ ಮುಗಿಸಿ ಚಿಲಕ ಹಾಕಿಕೊಂಡವಳು ಹನ್ನೊಂದರ ಹೊತ್ತಿಗೆ ಹೊರಗೆ ಬರಲು ಎದ್ದರೆ ಚಿಲಕ ಅಲ್ಲಾಡಲಿಲ್ಲ. ಮೂರು ದಿನದಿಂದ ಮೋಡ ಕವಿದು ಗಾಳಿಯೆಲ್ಲ ತೇವ. ಹೊಸ ಮರ ಉಬ್ಬಿಕೊಂಡಿತ್ತು. ಎರಡೂ ಕೈಯಲ್ಲಿ ಎಳೆದಳು, ಚಪ್ಪಲಿಯಿಂದ ಬಡಿದಳು. ಬೆರಳಿನ ಚರ್ಮ ಕಿತ್ತುಬಂತೇ ಹೊರತು ಚಿಲಕ ಬರಲಿಲ್ಲ.

ಕಿಟಕಿಗೆ ಸರಳು. ಅದರಾಚೆ ಕೈ ಚಾಚಿದರೆ ಸಿಗುವಷ್ಟು ಹತ್ತಿರ ಪಕ್ಕದ ಮನೆಯ ಗೋಡೆ. ಬಚ್ಚಲಿನ ದಾರಿಯನ್ನು ತಾನೇ ಮುಂದೆ ನಿಂತು ಮುಚ್ಚಿಸಿದ್ದಳು. ಈಗ ಅದೇ ಬೇಕಾಗಿತ್ತು, ಅದೂ ತುರ್ತಾಗಿ. ಹತ್ತು ದಿನ ವಿಶಾಲವಾಗಿದ್ದ ಕೋಣೆ ಒಂದೇ ಏಟಿಗೆ ಕುಗ್ಗಿ ಪೆಟ್ಟಿಗೆಯಾಯಿತು. ಅಂಗೈಯಲ್ಲಿ ಬಾಗಿಲು ತಟ್ಟಿ, "ಅಣ್ಣಾ" ಎಂದಳು. ಸ್ವರ ಅವಳಿಗೇ ಗುರುತು ಸಿಗದಷ್ಟು ಸಣ್ಣದಾಗಿತ್ತು.

ಅಣ್ಣ ಭುಜ ಕೊಟ್ಟು ನೂಕಿದ. ಬಾಗಿಲು ಕಮಕ್ ಕಿಮಕ್ ಎನ್ನಲಿಲ್ಲ. "ಒಳ್ಳೆ ಗಟ್ಟಿಮುಟ್ಟಾಗಿ ಮಾಡಿದ್ದಾನೆ ಮಹಾರಾಯ" ಎಂದು ಗೊಣಗಿದ. ಬಡಗಿಗೆ ಫೋನು ಹಚ್ಚಿದರೆ ಅವನು ಬೀಗರ ಮನೆಯಲ್ಲಿದ್ದ, ಬರಲು ಎರಡು ಗಂಟೆಯಾದರೂ ಬೇಕು. "ನಾನೇ ಹೋಗಿ ಗಾಡಿಯಲ್ಲಿ ಕೂರಿಸ್ಕೊಂಡು ಬರ್ತೀನಿ" ಎಂದು ಹೊರಟ. ಅಮ್ಮ ಬಾಗಿಲ ಹತ್ತಿರ ಬಂದು, "ನಾನು ಬೇಡ ಅಂತ ಬಡ್ಕೊಂಡೆ" ಎಂದು ಒಂದು ಸಲ ಹೇಳಿ, ಟೀವಿಯ ಮುಂದೆ ಕೂತಳು.

ಸ್ವಲ್ಪ ಹೊತ್ತಿನ ಮೇಲೆ ಬಾಗಿಲಿನ ಆಚೆ ಸೀರೆ ಸರಿದ ಸದ್ದು. ಯಾರೋ ನೆಲದ ಮೇಲೆ ಬೆನ್ನು ಕೊಟ್ಟು ಕೂತರು.

"ಪುಟ್ಟಿ, ಮೂಲೇಲಿ ಒರೆಸೋ ಬಕೆಟ್ ಇದೆಯಲ್ಲ," ಎಂದಳು ಅತ್ತಿಗೆ ಮೆಲ್ಲಗೆ. "ನಾಚ್ಕೋಬೇಡ. ಆಮೇಲೆ ನಾನೇ ತೊಳೆದಿಡ್ತೀನಿ."

ಅವಮಾನದಿಂದ ಪುಟ್ಟಿಯ ಕಿವಿ ಬಿಸಿಯಾಯಿತು. ಬೇರೆ ದಾರಿಯೂ ಇರಲಿಲ್ಲ. ಮುಗಿಸಿ, ಬಕೆಟಿನ ಮೇಲೆ ಹಳೇ ಪತ್ರಿಕೆ ಮುಚ್ಚಿ, ಅವಳೂ ಬಾಗಿಲಿಗೆ ಬೆನ್ನು ಕೊಟ್ಟು ಕೂತಳು. ನಡುವೆ ಒಂದೂವರೆ ಅಂಗುಲದ ಹಲಗೆ.

"ಉಸಿರು ಕಟ್ಟಿದ ಹಾಗಾಗ್ತಿದೆ ಅತ್ತಿಗೆ."

"ಮೂಗಲ್ಲಿ ಎಳ್ಕೊಂಡು ಬಾಯಲ್ಲಿ ಬಿಡು. ನಾನೂ ಹಾಗೇ ಮಾಡ್ತೀನಿ."

"ನಿಮಗೆ ಯಾವಾಗ ಉಸಿರು ಕಟ್ಟಿತ್ತು?"

"ಇಪ್ಪತ್ತೆರಡು ವರ್ಷ ಆಯ್ತು ಈ ಮನೆಗೆ ಬಂದು. ಚಿಲಕ ಇದ್ದಿದ್ದು ಎರಡೇ ಕಡೆ. ನಮ್ಮ ರೂಮಿಂದು ನಿಮ್ಮಣ್ಣ ಬಂದ ಮೇಲೆ ಹಾಕೋದು. ಹಗಲು ಹೊತ್ತು ಹಾಕಿದ್ರೆ ಅಮ್ಮ, ಹುಷಾರಿಲ್ವಾ ಅಂತ ಕೇಳ್ತಾರೆ. ಉಳಿದದ್ದು ಬಚ್ಚಲು. ನಂಗೆ ಯಾರೂ ಬೇಡ ಅನ್ಸಿದಾಗೆಲ್ಲ ಅಲ್ಲಿ ಹೋಗಿ ನಲ್ಲಿ ಬಿಟ್ಕೊಂಡು ಕೂರ್ತಿದ್ದೆ. ಆದ್ರೆ ಅಲ್ಲಿಗೆ ಹೋಗೋಕೂ ಬರೋಕೂ ನಿನ್ನ ಮುಂದೇನೇ ದಾಟಬೇಕಲ್ಲ. ಅತ್ತಿರೋ ಮುಖ ನೀನು ನೋಡ್ತೀಯ ಅಂತ ಅಲ್ಲೇ ಕೂತು ಒಣಗಿಸ್ಕೊಂಡು ಬರ್ತಿದ್ದೆ."

ಅತ್ತಿಗೆ ಬಚ್ಚಲಲ್ಲಿ ಗಂಟೆಗಟ್ಟಲೆ ಇರುವುದನ್ನು ತಾನು ಆಡಿಕೊಂಡು ನಕ್ಕದ್ದು ಪುಟ್ಟಿಗೆ ನೆನಪಾಯಿತು. ಇಷ್ಟು ವರ್ಷ ತನ್ನ ಕೋಣೆಯನ್ನು ಜನ ದಾಟಿ ಹೋಗುತ್ತಾರೆಂದು ಮರುಗಿದವಳಿಗೆ, ದಾಟುವವರ ಪಾಲಿಗೆ ತಾನೊಂದು ಕಾವಲು ಎಂಬುದು ಹೊಳೆದೇ ಇರಲಿಲ್ಲ.

"ನಾನು ಅಷ್ಟೆಲ್ಲ ನೋಡ್ತಾ ಇರಲಿಲ್ಲ," ಎಂದಳು ಕೊನೆಗೆ.

"ನೋಡ್ತಿದ್ದೆ," ಎಂದಳು ಅತ್ತಿಗೆ. ಸಿಟ್ಟಿರಲಿಲ್ಲ ಆ ಮಾತಿನಲ್ಲಿ.

ಒಂದೂವರೆಗೆ ಬಡಗಿ ಬಂದ. ಸಂದಿಯಲ್ಲಿ ತೆಳ್ಳನೆಯ ಗರಗಸದ ಅಲಗು ತೂರಿಸಿ, "ಮೇಡಂ, ಬಾಗಿಲನ್ನ ಕೆಳಗಿಂದ ಎತ್ತಿ ಹಿಡೀರಿ, ನಾ ಹೇಳ್ದಾಗ ಎಳೀರಿ" ಎಂದ. ಮೂರನೆಯ ಸಲಕ್ಕೆ ಚಿಲಕ ಕಿರುಗುಟ್ಟಿ ಸರಿಯಿತು. ಬಾಗಿಲು ತೆರೆದಾಗ ಎಲ್ಲರಿಗಿಂತ ಮುಂದೆ ಅತ್ತಿಗೆ ನಿಂತಿದ್ದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅತ್ತಿಗೆ ಬಕೆಟ್ ಎತ್ತಿಕೊಂಡು ನಡೆದಳು. ಬಡಗಿ ಅಂಚನ್ನು ಒಂದೆಳೆ ಹೆರೆದು, ಬಿಸಿಲು ಬಂದ ಮೇಲೆ ಎಲ್ಲ ಸರಿಹೋಗುತ್ತದೆ ಎಂದು ಹೇಳಿ ಹೋದ.

ಎರಡು ದಿನ ಬಿಟ್ಟು ಅತ್ತಿಗೆ ಕೇಳಿದಳು, "ನೀನು ಕೆಲಸಕ್ಕೆ ಹೋದಾಗ ಮಧ್ಯಾಹ್ನ ಒಂದು ಗಂಟೆ ನಾನು ಅಲ್ಲಿರಲಾ?"

ಬೇಡ ಎಂಬ ಮಾತು ಪುಟ್ಟಿಯ ನಾಲಗೆಯ ತುದಿಗೇ ಬಂದಿತ್ತು. ಹತ್ತೊಂಬತ್ತು ವರ್ಷ ಬೇರೆಯವರ ಬಾಗಿಲು ತೋರಿಸಿ ಪಡೆದದ್ದು ಒಂದೇ ಒಂದು ಕೋಣೆ, ಅದರಲ್ಲೂ ಪಾಲು. ಆ ಜಿಪುಣತನಕ್ಕೆ ನಾಚಿಕೆಯಾಯಿತು, ಆದರೂ ಅದು ಹೋಗಲಿಲ್ಲ. "ಇರಿ," ಎಂದಳು. "ಹಾಸಿಗೆ ಮೇಲೆ ಮಾತ್ರ ತಿಂಡಿ ಗಿಂಡಿ ತಿನ್ಬೇಡಿ."

ತಿಂಗಳು ಕಳೆದಿರಬೇಕು. ತಲೆನೋವೆಂದು ಪುಟ್ಟಿ ಎರಡು ಗಂಟೆಗೇ ಮನೆಗೆ ಬಂದಳು. ಕೋಣೆಯ ಬಾಗಿಲು ಹಾಕಿತ್ತು. ಕೈ ಎತ್ತಿದಳು. ಒಳಗಿನಿಂದ ಅಳುವೇನೂ ಕೇಳಲಿಲ್ಲ. ಕೇಳಿದ್ದು ಗೊರಕೆ, ಹೊಟ್ಟೆ ತುಂಬ ಉಂಡ ಗಂಡಸಿನ ಹಾಗೆ ನಿರಾಳವಾದ, ದಪ್ಪ ಗೊರಕೆ. ಎತ್ತಿದ ಕೈ ಇಳಿಸಿದಳು.

ಹಾಲಿನ ಮಂಚದಲ್ಲಿ ಮಲಗಿದ್ದ ಅಮ್ಮ ಗೋಡೆಗೆ ಸರಿದು ಜಾಗ ಮಾಡಿಕೊಟ್ಟಳು. ಪುಟ್ಟಿ ಹಣೆ ಒತ್ತಿಕೊಳ್ಳುತ್ತ ಅವಳ ಮಗ್ಗುಲಿಗೆ ಒರಗಿದಳು. ಟೀವಿಯಲ್ಲಿ ಯಾರೋ ಯಾರ ಮೇಲೋ ರೇಗುತ್ತಿದ್ದರು. ಅಮ್ಮ ಅದರತ್ತಲೇ ನೋಡುತ್ತ ಹೇಳಿದಳು, "ಬುಧವಾರ ಅವಳು ತಂಗಿ ಮನೆಗೆ ಹೋಗ್ತಾಳಂತೆ. ನೀನೂ ಇರಲ್ಲ. ಅವತ್ತು ಆ ರೂಮು ಖಾಲಿ ಇರುತ್ತಲ್ವಾ?"

ಪುಟ್ಟಿ ಕಣ್ಣು ತೆರೆದಳು. ಅಮ್ಮ ಈ ಕಡೆ ತಿರುಗಲಿಲ್ಲ.

"ಇರುತ್ತೆ," ಎಂದಳು ಪುಟ್ಟಿ. "ಚಿಲಕ ಸ್ವಲ್ಪ ಬಿಗಿ ಅಮ್ಮ. ಬಾಗಿಲು ಎತ್ತಿ ಹಿಡ್ಕೊಂಡು ಎಳೀಬೇಕು."