ಒರೆಲಿಸ್ ಮೇಷ್ಟ್ರ ಬೀನ್ಸ್ ತೋಟ

ಮಳೆ ಹಿಡಿಯಿತೆಂದರೆ ತೆರೂಜ್ ಗುಡ್ಡದ ಶಾಲೆಯಲ್ಲಿ ಉಕ್ತಲೇಖನ ಕಷ್ಟವಾಗುತ್ತಿತ್ತು. ಇದು ಗುಡ್ಡಕ್ಕೆಲ್ಲ ಗೊತ್ತಿದ್ದ ಸಂಗತಿ. ಬೇಸಗೆಯಲ್ಲಿ ಒರೆಲಿಸ್ ಮೇಷ್ಟ್ರು ಹೇಳಿ ಬರೆಸುತ್ತಿದ್ದ ಫ್ರೆಂಚ್ ವಾಕ್ಯಗಳು ಗಿಡ್ಡಗಿಡ್ಡವಾಗಿ, ಮಕ್ಕಳ ಬಾಯಿಗೆ ಸಿಕ್ಕುವಂತೆ ಇರುತ್ತಿದ್ದವು. ಸಮುದ್ರದ ಕಡೆ ಮೋಡ ಕಟ್ಟಿದೊಡನೆ ಅವು ಉದ್ದವಾಗಿ, ಗಂಟುಗಂಟಾಗಿ, ಮೇಷ್ಟ್ರಿಗೇ ಎರಡು ಸಲ ಉಸಿರು ಎಳೆದುಕೊಳ್ಳದೆ ಹೇಳಲಾಗದಂತೆ ಬೆಳೆದುಬಿಡುತ್ತಿದ್ದವು. ತಪ್ಪು ಬರೆದವರಿಗೆ ಶಿಕ್ಷೆ ಎಂದರೆ ಶಾಲೆಯ ಹಿಂದಿನ ತೋಟದಲ್ಲಿ ಗುದ್ದಲಿ ಹಿಡಿಯುವುದು. ಬಿತ್ತನೆಯ ಹೊತ್ತಿಗೆ ಅರ್ಧ ತರಗತಿ ತಪ್ಪು ಬರೆಯುತ್ತಿತ್ತು, ಕಳೆ ಕೀಳುವ ಹೊತ್ತಿಗೆ ಮುಕ್ಕಾಲು.

ತೋಟವನ್ನು ಮೇಷ್ಟ್ರು ಮಾಡಿದ್ದಲ್ಲ. ಹಿಂದೊಮ್ಮೆ ಹೊರದೇಶದ ಯಾವುದೋ ಸಂಸ್ಥೆಯವರು ಎರಡು ಜೀಪಿನಲ್ಲಿ ಬಂದು, ಮಕ್ಕಳು ಮಣ್ಣನ್ನು ಪ್ರೀತಿಸಲು ಕಲಿಯಬೇಕು ಎಂದು ಭಾಷಣ ಮಾಡಿ, ಸಣ್ಣ ಹಿಡಿಯ ಗುದ್ದಲಿಗಳನ್ನೂ ಬೀಜದ ಪೊಟ್ಟಣಗಳನ್ನೂ ಹಂಚಿ, ಫೋಟೊ ತೆಗೆಸಿಕೊಂಡು ಹೋಗಿದ್ದರು. ಹುಟ್ಟಿದಾಗಿನಿಂದ ಮಣ್ಣಿನಲ್ಲೇ ಹೊರಳಿದ ಮಕ್ಕಳಿಗೆ ಮಣ್ಣಿನ ಪ್ರೀತಿ ಕಲಿಸಲು ಅಷ್ಟು ದೂರದಿಂದ ಬರಬೇಕಿತ್ತೇ! ಅವರು ಮತ್ತೆ ಬರಲಿಲ್ಲ. ತೋಟ ಉಳಿಯಿತು, ಗುದ್ದಲಿ ಉಳಿದವು, ಬೆಳೆ ಮೇಷ್ಟ್ರದಾಯಿತು.

ಸೆಲಾನಿ ಈ ಉಕ್ತಲೇಖನದ ಕಥೆ ಹೇಳಿಕೊಂಡು ಎಲ್ಲರಿಗಿಂತ ಜೋರಾಗಿ ನಗುತ್ತಿದ್ದಳು. ಅವಳಿಗೆ ನಗುವ ಹಕ್ಕಿತ್ತು. ಅವಳ ಮಗಳು ನೆರ್ಲಿನ್ ತಪ್ಪು ಬರೆಯುವ ಪೈಕಿ ಅಲ್ಲ. ಗಂಡ ಕಬ್ಬು ಕಡಿಯಲು ಗಡಿ ದಾಟಿ ದೊಮಿನಿಕನ್ನರ ದೇಶಕ್ಕೆ ಹೋದವನು ಅಲ್ಲೇ ಕರಗಿಹೋಗಿದ್ದ. ಇದ್ದ ಒಬ್ಬಳೇ ಮಗಳಿಗೆ ಸೆಲಾನಿ ಗುದ್ದಲಿ ಮುಟ್ಟಲು ಬಿಟ್ಟಿರಲಿಲ್ಲ. ಬೇರೆ ಮನೆಯ ಹುಡುಗಿಯರು ಅಮ್ಮಂದಿರ ಹಿಂದೆ ಹೊಲಕ್ಕಿಳಿದರೆ, ನೆರ್ಲಿನ್ ಇಸ್ತ್ರಿ ಮಾಡಿದ ನೀಲಿ ಅಂಗಿ ತೊಟ್ಟು, ಜಡೆಗೆ ಬಿಳಿ ರಿಬ್ಬನ್ ಕಟ್ಟಿಕೊಂಡು ಶಾಲೆಗೆ ಹೋಗುತ್ತಿದ್ದಳು. ಇಬ್ಬರು ಮಾಡುವ ಹೊಲವನ್ನು ಸೆಲಾನಿ ಒಬ್ಬಳೇ ಮಾಡುತ್ತಿದ್ದಳು. ಹಾಗಾಗಿ ಪ್ರತಿ ವರ್ಷ ಹೊಲದ ಕೆಳಗಿನ ತುಂಡು ಪಾಳು ಬೀಳುತ್ತಿತ್ತು, ಜೋಳ ಮುಗಿದ ಮೇಲೆ ಊಟ ತೆಳ್ಳಗಾಗುತ್ತಿತ್ತು. ಆಗಲಿ. ಮಗಳು ಆರನೆಯ ತರಗತಿಯ ಸರ್ಕಾರಿ ಪರೀಕ್ಷೆ ಪಾಸಾದರೆ ಪಟ್ಟಣದ ದೊಡ್ಡ ಶಾಲೆಗೆ ಹೋಗುತ್ತಾಳೆ, ಅಲ್ಲಿಂದ ಮುಂದೆ ನರ್ಸೋ ಟೀಚರೋ ಆಗುತ್ತಾಳೆ. ಪರೀಕ್ಷೆ ಈ ವರ್ಷವೇ ಇತ್ತು.

"ನಿಮ್ಮ ಹುಡುಗರು ಓದಿದ್ರೆ ಯಾಕೆ ಗುದ್ದಲಿ ಹಿಡೀತಿದ್ರು?" ಎಂದು ಅವಳು ಪಕ್ಕದ ಮನೆಯ ಜೆಸುಲಾಳನ್ನು ಕೆಣಕುತ್ತಿದ್ದಳು. ಜೆಸುಲಾಳ ಅವಳಿ ಗಂಡುಮಕ್ಕಳೂ ಅದೇ ತರಗತಿ. ಜೆಸುಲಾ ಸುಮ್ಮನಿರುವ ಹೆಂಗಸಲ್ಲ, ಆದರೆ ಈ ಮಾತಿಗೆ ಮಾತ್ರ ಏನೂ ಹೇಳದೆ ಬೇರೆ ಕಡೆ ನೋಡುತ್ತಿದ್ದಳು. ಸೋತವಳ ಮೌನ ಅದು ಎಂದು ಸೆಲಾನಿ ತಿಳಿದಿದ್ದಳು.

ಆ ಶನಿವಾರ ಸೆಲಾನಿಯ ಹೊಲದಲ್ಲಿ ಮುಯ್ಯಾಳಿನ ಕೆಲಸ. ಈ ವಾರ ನನ್ನ ಹೊಲ, ಮುಂದಿನ ವಾರ ನಿನ್ನದು ಎಂದು ಹೆಂಗಸರು ಸರದಿಯಲ್ಲಿ ಮಾಡಿಕೊಳ್ಳುವ ದುಡಿಮೆ. ಮೇಲಿನ ತುಂಡಿನಲ್ಲಿ ಗೆಣಸಿನ ಬಳ್ಳಿ ನೆಡಲು ಮಣ್ಣು ಎತ್ತರಿಸಿ ಏರು ಎಳೆಯುತ್ತಿದ್ದರು. ನೆರ್ಲಿನ್ ಕಾಫಿಯನ್ನೂ ಮರಗೆಣಸಿನ ರೊಟ್ಟಿಯನ್ನೂ ಹೊತ್ತು ತಂದಳು. ಜೆಸುಲಾ ಸೊಂಟ ಹಿಡಿದುಕೊಂಡು ಕೂತಿದ್ದಳು. ಅವಳ ಗುದ್ದಲಿ ಪಕ್ಕದಲ್ಲಿ ಬಿದ್ದಿತ್ತು. ಯಾರೂ ಕರೆಯಲಿಲ್ಲ, ಯಾರೂ ಹೇಳಲಿಲ್ಲ. ಹುಡುಗಿ ಚಪ್ಪಲಿ ಬಿಟ್ಟು, ಲಂಗ ಎತ್ತಿ ಕಟ್ಟಿ, ಆ ಗುದ್ದಲಿ ತೆಗೆದುಕೊಂಡು ನಿಂತ ಸಾಲನ್ನು ಮುಂದುವರಿಸಿದಳು. ಗುಡ್ಡದ ಓರೆಗೆ ಅಡ್ಡವಾಗಿ, ಮಳೆನೀರು ಹರಿದುಹೋಗದೆ ನಿಲ್ಲುವಂತೆ, ದಾರ ಹಿಡಿದು ಎಳೆದ ಹಾಗೆ ಏರು ಏಳುತ್ತಾ ಹೋಯಿತು. ಬಾಗಿದ ಬೆನ್ನು ಸಾಲಿನ ತುದಿಯವರೆಗೂ ಏಳಲಿಲ್ಲ.

"ಅಬ್ಬಾ, ಏನು ಕೈ ಕಣೇ ನಿಂದು!" ಎಂದಳು ಆಳುಗಳಲ್ಲಿ ಒಬ್ಬಳು. "ಸೆಲಾನಿ, ಇಷ್ಟು ಚೆನ್ನಾಗಿ ಕಲಿಸಿಟ್ಟು ಇಷ್ಟು ದಿನ ಬಚ್ಚಿಟ್ಟಿದ್ಯಲ್ಲ ಮಾರಾಯ್ತಿ!"

"ನಾನು ಕಲಿಸ್ಲಿಲ್ಲ," ಎಂದಳು ಸೆಲಾನಿ. ಕಾಫಿಯ ಲೋಟ ಅವಳ ಕೈಯಲ್ಲೇ ಇತ್ತು. "ನೆರ್ಲಿನ್, ಎಲ್ಲಿ ಕಲಿತೆ ಇದನ್ನ?"

"ಶಾಲೇಲಿ," ಎಂದಳು ಹುಡುಗಿ.

ಯಾರೂ ನಗಲಿಲ್ಲ. ಹೆಂಗಸರೆಲ್ಲ ಒಟ್ಟಿಗೆ ರೊಟ್ಟಿ ಮುರಿಯುವುದರಲ್ಲಿ ಮಗ್ನರಾದರು. ಆಗ ಸೆಲಾನಿಗೆ ಗೊತ್ತಾಯಿತು, ಇದು ತನ್ನೊಬ್ಬಳನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು ಎಂದು. ಮಗಳ ಮೇಲಲ್ಲ, ಮೇಷ್ಟ್ರ ಮೇಲೂ ಅಲ್ಲ, ಮೊದಲು ತನ್ನ ನಗುವಿನ ಮೇಲೇ ಅವಳಿಗೆ ಅಸಹ್ಯವಾಯಿತು.

ಆಳುಗಳು ಹೋದ ಮೇಲೆ ಮಗಳನ್ನು ಎದುರಿಗೆ ನಿಲ್ಲಿಸಿಕೊಂಡಳು.

"ಅಷ್ಟೊಂದು ತಪ್ಪು ಬರೀತೀಯೇನೇ?"

"ಇಲ್ಲಮ್ಮ, ನಾನು ತಪ್ಪೇ ಬರೆಯಲ್ಲ."

"ಮತ್ತೆ?"

"ನನ್ನ ಸಾಲು ನೆಟ್ಟಗಿರತ್ತಂತೆ. ಬೇರೆಯವರು ಗಿಡ ತುಳೀತಾರೆ. ಅದಕ್ಕೆ ಮೇಷ್ಟ್ರು, ನೀನು ಬರೆಯೋದೇನೂ ಬೇಡ, ಸೀದಾ ತೋಟಕ್ಕೆ ನಡಿ ಅಂತಾರೆ."

"ನನಗ್ಯಾಕೆ ಹೇಳ್ಲಿಲ್ಲ?"

"ನೀನು ಅಂಗಿ ಇಸ್ತ್ರಿ ಮಾಡ್ತಿದ್ದೆ," ಎಂದಳು ನೆರ್ಲಿನ್, ಅದೇ ಉತ್ತರವೆಂಬಂತೆ. "ತೋಟಕ್ಕೆ ಹೋಗುವಾಗ ಬಿಚ್ಚಿಡ್ತೀನಮ್ಮ, ಕೊಳೆ ಮಾಡ್ಕೊಳ್ಳಲ್ಲ."

ಸೆಲಾನಿ ಕೆಳಗಿನ ಪಾಳು ತುಂಡಿನ ಕಡೆ ತಿರುಗಿದಳು. ತನ್ನ ಹೊಲ ಪಾಳು ಬಿದ್ದದ್ದು ಮೇಷ್ಟ್ರ ಹೊಲ ಹಸಿರಾಗಲೆಂದೇ? ತಾನು ಒಬ್ಬಳೇ ಬೆನ್ನು ಮುರಿದುಕೊಂಡದ್ದು ಮಗಳು ಇನ್ನೊಬ್ಬನ ಮಣ್ಣಿನಲ್ಲಿ ಬೆನ್ನು ಬಗ್ಗಿಸಲೆಂದೇ?

ಸೋಮವಾರ ಬೆಳಿಗ್ಗೆ ಅವಳು ಶಾಲೆಯ ಜಗುಲಿ ಹತ್ತಿದಳು. ಒರೆಲಿಸ್ ಮೇಷ್ಟ್ರು ಕೆಟ್ಟ ಮನುಷ್ಯನ ಹಾಗೆ ಕಾಣುತ್ತಿರಲಿಲ್ಲ. ತೆಳ್ಳಗೆ, ಕೊರಳಪಟ್ಟಿ ಸವೆದ ಬಿಳಿ ಅಂಗಿ, ಒಂದು ಕಡ್ಡಿಗೆ ತಂತಿ ಸುತ್ತಿದ ಕನ್ನಡಕ. ಅವಳು ಬೈಗುಳಗಳನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದಳು. ಎಲ್ಲವನ್ನೂ ಅವರು ನಿಂತು ಕೇಳಿದರು.

"ಮುಗೀತಾ ತಾಯಿ? ಈಗ ನಾನು ಹೇಳ್ಲಾ?" ಎಂದರು. "ಸರ್ಕಾರ ನನಗೆ ಸಂಬಳ ಕಳಿಸಿ ಎಷ್ಟು ಕಾಲ ಆಯ್ತು ಅಂತ ನಿಮಗೆ ಗೊತ್ತಾ? ನನಗೇ ಮರೆತುಹೋಗಿದೆ. ಪಟ್ಟಣದಲ್ಲಿ ನನಗೂ ಹೆಂಡ್ತಿ ಮಕ್ಕಳು ಇದ್ದಾರೆ. ಈ ಬೀನ್ಸ್ ಮಾರಿದ್ರೆ ಅವರು ಉಣ್ತಾರೆ, ಇಲ್ದಿದ್ರೆ ಇಲ್ಲ. ಈ ಬೀನ್ಸ್ ಇರೋದ್ರಿಂದ ನಾನಿದ್ದೀನಿ, ನಾನಿರೋದ್ರಿಂದ ಶಾಲೆ ಇದೆ. ತೋಟ ಕಿತ್ತು ಹಾಕಿ ಅಂತೀರಾ? ಇವತ್ತೇ ಕಿತ್ತು ಹಾಕ್ತೀನಿ. ನಾಳೆ ನಿಮ್ಮ ಮಗಳಿಗೆ ನೀವೇ ಪಾಠ ಹೇಳ್ಕೊಳ್ಳಿ."

ಹತ್ತಿರದ ಇನ್ನೊಂದು ಶಾಲೆಗೆ ಹೊಳೆ ದಾಟಬೇಕು, ಮಳೆಗಾಲದಲ್ಲಿ ಆ ಹೊಳೆ ಜನರನ್ನು ನುಂಗುತ್ತದೆ. ಬಾಗಿಲಲ್ಲಿ ನಿಂತಿದ್ದ ನೆರ್ಲಿನ್ ತೋಟಕ್ಕಿಳಿಯಲು ಆಗಲೇ ನೀಲಿ ಅಂಗಿ ಬಿಚ್ಚಿ ಮಡಚಿಟ್ಟು ಹಳೆಯದೊಂದನ್ನು ತೊಟ್ಟಿದ್ದಳು.

"ನಿಮಗೆ ಬೇಕಾಗಿರೋದು ನೆಟ್ಟಗಿನ ಸಾಲು ತಾನೆ?" ಎಂದಳು ಸೆಲಾನಿ. "ನಾನು ಹಾಕಿಕೊಡ್ತೀನಿ. ದಿನಾ ಬೆಳಿಗ್ಗೆ ಬರ್ತೀನಿ. ನನ್ನ ಮಗಳನ್ನ ಒಳಗೆ ಕೂರಿಸಿ. ಪರೀಕ್ಷೆ ಮುಗಿಯೋವರೆಗೆ ಅವಳು ಎದ್ದು ಹೊರಗೆ ಬರಬಾರದು."

ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಅವಳ ತೋಳುಗಳನ್ನು ನೋಡಿದರು. "ಗುದ್ದಲಿ ನಿಮ್ಮದೇ ತನ್ನಿ," ಎಂದರು. "ಇಲ್ಲಿನವು ಸಣ್ಣವು."

ಹಾಗೆ ಸೆಲಾನಿ ಶಾಲೆಗೆ ಸೇರಿದಳು. ಸೂರ್ಯ ಏರುವ ಮೊದಲು ಮಗಳ ಜೊತೆ ಹೊರಟು, ಮಗಳು ಮುಂಬಾಗಿಲಿನಿಂದ ಒಳಗೆ ಹೋದರೆ ತಾಯಿ ಹಿಂದಿನ ಬೇಲಿ ದಾಟಿ ತೋಟಕ್ಕೆ ಇಳಿಯುತ್ತಿದ್ದಳು. ಮಧ್ಯಾಹ್ನ ತನ್ನ ಹೊಲಕ್ಕೆ ಹೋಗುವಷ್ಟರಲ್ಲಿ ತೋಳಿನ ಶಕ್ತಿ ಬಸಿದುಹೋಗಿರುತ್ತಿತ್ತು. ಆ ವರ್ಷ ಕೆಳಗಿನ ತುಂಡು ಮಾತ್ರವಲ್ಲ, ನಡುವಿನದೂ ಬಿತ್ತನೆಯಾಗಲಿಲ್ಲ. ಮಳೆ ಅವಳಿಗಾಗಿ ಕಾಯಲಿಲ್ಲ.

ಆದರೂ ಅಷ್ಟು ಸುಖದ ದಿನಗಳನ್ನು ಅವಳು ಕಂಡಿರಲಿಲ್ಲ ಎಂದೇ ಹೇಳಬೇಕು. ತೋಟದ ಪಕ್ಕಕ್ಕೇ ತರಗತಿಯ ಕಿಟಕಿ. ಒಳಗಿನಿಂದ ನೆರ್ಲಿನ್‌ಳ ದನಿ ಎಲ್ಲರಿಗಿಂತ ಮೇಲೆ ಕೇಳುತ್ತಿತ್ತು. ಅವಳು ಒಂದು ವಾಕ್ಯ ಹೇಳಿದರೆ ಇಡೀ ತರಗತಿ ಅದನ್ನು ಎತ್ತಿಕೊಂಡು ಹೇಳುತ್ತಿತ್ತು. ಫ್ರೆಂಚು, ನೀರು ಹರಿದಂತೆ! ಅಲ್ಲೊಂದು ಇಲ್ಲೊಂದು ಪದ ತಮ್ಮ ಮನೆಮಾತಾದ ಕ್ರಿಯೋಲಿನಂತೆಯೇ ಕೇಳಿ ಸೆಲಾನಿಯ ಕಿವಿಗೆ ಸಿಗುತ್ತಿತ್ತು, ಮಣ್ಣು, ಗಾಳಿ, ಬ್ರೆಡ್ಡು ಅಂತ. ಉಳಿದದ್ದು ತಲೆಯ ಮೇಲೆ ಹಾದುಹೋಗುತ್ತಿತ್ತು. ಹೋಗಲಿ, ಅದು ತನಗೆ ಅರ್ಥವಾಗಬೇಕಾದದ್ದೂ ಅಲ್ಲ. ಗುದ್ದಲಿ ಎತ್ತುವಾಗ ಮಗಳ ದನಿ, ಇಳಿಸುವಾಗ ಮಕ್ಕಳ ದನಿ. ಕೆಲಸ ತಾನಾಗಿ ಸಾಗುತ್ತಿತ್ತು.

ಸ್ವಲ್ಪ ದಿನಕ್ಕೆ ಜೆಸುಲಾ ಕೂಡ ಬೇಲಿ ದಾಟಿ ಬಂದಳು, ಹೆಗಲ ಮೇಲೆ ಗುದ್ದಲಿ.

"ನೀನೇ ದಾರಿ ತೋರಿಸಿದ್ಯಲ್ಲ ಮಹಾತಾಯಿ," ಎಂದಳು. "ನಿನ್ನ ಮಗಳು ಒಳಗೆ ಕೂತ ಮೇಲೆ ನನ್ನ ಹುಡುಗ್ರಿಗೆ ದುಪ್ಪಟ್ಟು ತಪ್ಪು ಬರ್ತಿದೆ. ನನ್ನ ಸೊಂಟ ಹೋದ್ರೂ ಪರವಾಗಿಲ್ಲ, ಅವರೂ ಒಳಗೇ ಕೂರ್ಲಿ."

ಅವಳ ಹಿಂದೆಯೇ ಇನ್ನೂ ಕೆಲವು ತಾಯಂದಿರು ಬಂದರು. ಆಳು ಹೆಚ್ಚಾದ ಮೇಲೆ ಮೇಷ್ಟ್ರು ಪಕ್ಕದ ಬೀಳು ನೆಲವನ್ನೂ ಗೇಣಿಗೆ ಹಿಡಿದರು. ಹೆಂಗಸರ ಮುಯ್ಯಾಳು ಅಲ್ಲಿಗೆ ನಿಂತಿತು, ಯಾರಿಗೆ ಬಿಡುವಿತ್ತು? ಎಲ್ಲರ ಮನೆಯ ಹೊಲದಲ್ಲೂ ಹುಲ್ಲು ಮೊಳಕಾಲಿಗೆ ಬಂತು. ಮೇಷ್ಟ್ರ ಬೀನ್ಸ್ ಮಾತ್ರ ಬಿಳಿ ಹೂ ಬಿಟ್ಟು ನಿಂತಿತು.

ಮೇಷ್ಟ್ರು ದೀವಿಹಲಸಿನ ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು ಕೂರತೊಡಗಿದರು. ಮಳೆ ಬಂದರೆ ಕೊಡೆ ಬಿಚ್ಚುತ್ತಿದ್ದರು, ಏಳುತ್ತಿರಲಿಲ್ಲ.

"ಆ ಕಡೆ ಒತ್ತಾಯ್ತು ನೋಡಿ ತಾಯಿ," "ಹೂವಿಗೆ ಕೈ ತಾಗಿಸ್ಬೇಡಿ," ಎಂದು ಕೂತಲ್ಲಿಂದಲೇ ಹೇಳುತ್ತಿದ್ದರು. ಕಾಯಿ ಕಟ್ಟಿದ ಮೇಲಂತೂ ಒಬ್ಬೊಬ್ಬರ ಕೈಯನ್ನೂ ನೋಡುತ್ತಿದ್ದರು. ಸೆಲಾನಿಗೆ ಮೊದಲು ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ತನ್ನ ಬೆಳೆಯನ್ನು ಯಾರು ಕಾಯುವುದಿಲ್ಲ? ಒಂದು ಬೆಳಿಗ್ಗೆ ಸೊಂಟ ನೆಟ್ಟಗೆ ಮಾಡಲು ನಿಂತಾಗ, ಕೊಡೆಯ ಕೆಳಗಿನ ಮೇಷ್ಟ್ರು ಕಣ್ಣಿಗೆ ಬಿದ್ದರು, ಕಿಟಕಿಯ ಒಳಗಿನ ದನಿ ಕಿವಿಗೆ ಬಿತ್ತು. ಎರಡೂ ಒಟ್ಟಿಗೆ.

"ಮೇಷ್ಟ್ರೇ," ಎಂದಳು, "ನೀವು ಇಲ್ಲಿದ್ದೀರಿ. ಒಳಗೆ ಯಾರಿದ್ದಾರೆ?"

"ನಿಮ್ಮ ಮಗಳೇ ಇದ್ದಾಳಲ್ಲ," ಎಂದರು ಮೇಷ್ಟ್ರು, ಹೊಗಳಿಕೆಯ ದನಿಯಲ್ಲಿ. "ತರಗತೀಲೇ ಜಾಣೆ. ಅವಳನ್ನೇ ಮಾನಿಟರ್ ಮಾಡಿದ್ದೀನಿ."

"ಏನು ಹೇಳಿಕೊಡ್ತಾಳೆ ಅವಳು?"

"ಅವಳಿಗೆ ಬಂದಿದ್ದು ಹೇಳಿಕೊಡ್ತಾಳೆ. ಆ ಸಾಲು ಮುಗೀತಾ?"

ಪಕ್ಕದ ಸಾಲಿನಲ್ಲಿದ್ದ ಜೆಸುಲಾ ತಲೆ ಎತ್ತಲಿಲ್ಲ. "ಬಗ್ಗೇ ಸೆಲಾನಿ," ಎಂದಳು ಮೆಲ್ಲಗೆ. "ನೋಡ್ತಿದ್ದಾನೆ."

ಸೆಲಾನಿ ಬಗ್ಗಿದಳು. ಆ ದಿನ ಕಿಟಕಿಯ ದನಿಯನ್ನು ಅವಳು ಬೇರೆ ರೀತಿಯಲ್ಲಿ ಕೇಳಿದಳು.

ಸಂಜೆ ತಾಯಿ ಮಗಳು ಬಕೆಟ್ಟು ಹಿಡಿದು ಒರತೆಗೆ ಇಳಿದರು. ನೀರು ಸಣ್ಣಗೆ ಬರುತ್ತಿತ್ತು, ತುಂಬಲು ಹೊತ್ತು ಬೇಕು. ನೆರ್ಲಿನ್ ಬಂಡೆಯ ಮೇಲೆ ಕೂತು ಕಾಲು ಆಡಿಸುತ್ತಾ, ಪರೀಕ್ಷೆಗೆ ಹೋಗುವವಳ ಗತ್ತಿನಲ್ಲಿ, ಪಾಠ ಒಪ್ಪಿಸಲು ಶುರುಮಾಡಿದಳು. ಒಂದು ವಾಕ್ಯ ಹೇಳಿದಳು. ಎರಡನೆಯದರ ನಡುವೆ ಸೊಳ್ಳೆ ಹೊಡೆಯಲು ನಿಲ್ಲಿಸಿದಳು.

ಉಳಿದ ಅರ್ಧವನ್ನು ಸೆಲಾನಿ ಹೇಳಿದಳು.

ಹುಡುಗಿ ಬಾಯಿ ತೆರೆದು ನೋಡಿದಳು. ಸೆಲಾನಿ ನಿಲ್ಲಲಿಲ್ಲ. ಮೂರನೆಯದು ಹೇಳಿದಳು, ಅದರ ಮುಂದಿನದು ಹೇಳಿದಳು, ಎಲ್ಲಿ ದನಿ ಏರಬೇಕೋ ಅಲ್ಲಿ ಏರಿಸಿ, ಎಲ್ಲಿ ಮಕ್ಕಳು ಉಸಿರು ತೆಗೆದುಕೊಳ್ಳುತ್ತಿದ್ದರೋ ಅಲ್ಲಿ ತಾನೂ ತೆಗೆದುಕೊಂಡು, ಕೊನೆಯವರೆಗೂ ಹೇಳಿದಳು. ಒಂದಕ್ಷರ ಓದಲು ಬಾರದವಳು ಒಂದು ಕಡೆಯೂ ಎಡವಲಿಲ್ಲ.

"ಅಮ್ಮಾ!" ನೆರ್ಲಿನ್ ಚಪ್ಪಾಳೆ ತಟ್ಟಿ ನಕ್ಕಳು. "ನಿನಗೂ ಬರತ್ತೆ! ಪೂರ್ತಿ ಬರತ್ತೆ! ಪರೀಕ್ಷೆಗೆ ನೀನೂ ಬಾರಮ್ಮ!"

"ಇದಾದ ಮೇಲೆ ಏನು ಬರತ್ತೆ?" ಎಂದಳು ಸೆಲಾನಿ.

"ಇದಾದ ಮೇಲೆ? ಮತ್ತೆ ಮೊದಲಿನಿಂದ ಹೇಳ್ತೀವಿ."

"ನಾನು ತೋಟಕ್ಕೆ ಬಂದಾಗಿನಿಂದ ಇದೊಂದೇ ಪುಟವಾ?"

"ಒಳಗೆ ಬಂದಾಗ ನಾನೇ ಪುಟ ತಿರುಗಿಸ್ತೀನಿ ಅಂತ ಮೇಷ್ಟ್ರು ಅಂದಿದ್ದಾರೆ."

"ಈ ಪುಟದ ಅರ್ಥ ಏನು? ಏನು ಬರೆದಿದ್ದಾರೆ ಅದರಲ್ಲಿ?"

ನೆರ್ಲಿನ್‌ಳ ನಗು ಇಳಿಯಿತು. ಯೋಚಿಸಿದಳು. ತುಟಿಯಲ್ಲೇ ಮೊದಲ ವಾಕ್ಯವನ್ನು ಮತ್ತೊಮ್ಮೆ ಹೇಳಿಕೊಂಡಳು, ಒಳಗೆಲ್ಲೋ ಅರ್ಥ ಸಿಕ್ಕೀತೇ ಎಂದು ತಡಕುವವಳ ಹಾಗೆ.

"ಮಣ್ಣು ಅಂತ ಬರತ್ತೆ," ಎಂದಳು. "ಬ್ರೆಡ್ಡು ಅಂತ ಬರತ್ತೆ. ಉಳಿದದ್ದರ ಅರ್ಥ ಮೇಷ್ಟ್ರು ಹೇಳಿಲ್ಲ."

ಅಷ್ಟು ಸೆಲಾನಿಗೂ ಗೊತ್ತಿತ್ತು. ಒಳಗೆ ಬೆಂಚಿನ ಮೇಲೆ ಕೂತು ಮಗಳು ಕಲಿತದ್ದನ್ನೆಲ್ಲ ಅವಳು ಹೊರಗೆ ಕೆಸರಿನಲ್ಲಿ ನಿಂತು ಕಲಿತುಬಿಟ್ಟಿದ್ದಳು, ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಡಿಮೆಯಿಲ್ಲ. ಅದಕ್ಕಾಗಿ ಹೊಲ ಪಾಳು ಬಿದ್ದಿತ್ತು. ಅವಳಿಗೆ ಕಿರುಚಬೇಕೆನಿಸಿತು. ಯಾರ ಮೇಲೆ ಕಿರುಚುವುದೆಂದು ತಿಳಿಯಲಿಲ್ಲ.

ಬಕೆಟ್ಟು ತುಂಬಿ ನೀರು ಹೊರಗೆ ಚೆಲ್ಲುತ್ತಿತ್ತು. ತಾಯಿಯ ಮುಖ ನೋಡಿ ನೆರ್ಲಿನ್ ಬಂಡೆಯಿಂದ ಇಳಿದು ಬಂದಳು.

"ಅಮ್ಮ, ನಾಳೆ ನಾನು ಶಾಲೆಗೆ ಹೋಗ್ಬೇಕಾ?"

ಸೆಲಾನಿ ಸಿಂಬಿ ಸರಿಮಾಡಿಕೊಂಡು ಬಕೆಟ್ಟನ್ನು ತಲೆಗೆ ಎತ್ತಿಕೊಂಡಳು.

"ಹೋಗು," ಎಂದಳು. "ಇನ್ನೆಲ್ಲಿಗೆ ಹೋಗ್ತೀಯ?"