ತೆರೆಯದ ಫೋಟೋ

ಪುಟ್ಟಿಗೆ ಮೂವತ್ತೆಂಟು ದಾಟಿದ್ದರೂ ಅಕ್ಕನ ಬಾಯಲ್ಲಿ ಅವಳಿನ್ನೂ ಪುಟ್ಟಿಯೇ. ಆ ಅಕ್ಕ ಎಂಟು ದಿನದಿಂದ ತಂಗಿಯ ಮನೆಗೆ ಕಾಲಿಟ್ಟಿರಲಿಲ್ಲ. ದಾರಿಯಲ್ಲಿ ಸಿಕ್ಕರೂ ಮುಖ ಊದಿಸಿಕೊಂಡು ಹೋಗಿಬಿಡುತ್ತಿದ್ದಳು. ಇಷ್ಟಕ್ಕೆಲ್ಲ ಕಾರಣ ಒಂದು ಶಾಲಾ ಬಸ್ಸಿನ ಹಿಂಬಾಗಿಲು.

ಅಕ್ಕ ಆ ಬಸ್ಸಿನಲ್ಲಿ ಆಯಾ. ಹನ್ನೊಂದು ವರ್ಷದಿಂದ ಮಕ್ಕಳನ್ನು ಹತ್ತಿಸಿ, ತಲೆ ಎಣಿಸಿ, ಇಳಿಸಿ ಬರುವವಳು. ತುರ್ತು ಬಾಗಿಲು ಸಡಿಲವಾಗಿ ಗಡಗಡ ಎನ್ನುತ್ತದೆಂದು ಬಸ್ಸಿನ ಮಾಲೀಕ ಅದನ್ನು ವೆಲ್ಡಿಂಗ್ ಮಾಡಿಸಿ ಮುಚ್ಚಿಬಿಟ್ಟಿದ್ದ. ಅಕ್ಕ ಮೂರು ಸಲ ಹೇಳಿದಳು, ಅವನು ಕಿವಿಗೇ ಹಾಕಿಕೊಳ್ಳಲಿಲ್ಲ. ನಾಲ್ಕನೇ ಸಲ ಅವಳು ಫೋಟೋ ತೆಗೆದು, ಊರಿಗೆ ಊರೇ ನೋಡುವ ಜಾಲತಾಣದಲ್ಲಿ ಹಾಕಿದಳು. ಒಂದು ಗಂಟೆಯೊಳಗೆ ಅದು ಮಾಯವಾಯಿತು. ‘ಆಧಾರವಿಲ್ಲದ ಬರಹ’ ಎಂಬ ನೋಟಿಸು ಬಂತು. ಮಾಲೀಕ ಅದನ್ನೇ ಮುದ್ರಿಸಿಕೊಂಡು ಅಕ್ಕನ ಮುಖಕ್ಕೆ ಹಿಡಿದ. ತಪ್ಪಾಯಿತೆಂದು ಬರೆದುಕೊಡಬೇಕು, ಮಂಗಳವಾರ ಸಂಜೆಯವರೆಗೆ ಗಡುವು, ಇಲ್ಲವಾದರೆ ಬುಧವಾರದಿಂದ ಬಸ್ಸು ಹತ್ತುವ ಹಾಗಿಲ್ಲ ಎಂದ.

ಪುಟ್ಟಿಗೆ ಅನ್ನ ಕೊಡುವುದೂ ಅದೇ ಜಾಲತಾಣ. ಜನ ಬರೆದದ್ದನ್ನು ನೋಡಿ, ಇರಬೇಕಾದದ್ದನ್ನು ಇಟ್ಟು, ಮಿಕ್ಕದ್ದಕ್ಕೆ ಕತ್ತರಿ ಹಾಕುವ ಕೆಲಸ. ಅಲ್ಲಿ ಇನ್ನೂರು ಜನ ಕೂರುತ್ತಾರೆ, ಯಾವ ಬರಹಕ್ಕೂ ಬರೆದವರ ಹೆಸರು ಕಾಣುವುದಿಲ್ಲ. ಆದ್ದರಿಂದ ಅಕ್ಕ ತಂಗಿಯನ್ನು ಅನುಮಾನಿಸಲಿಲ್ಲ. ಅವಳ ಕಣ್ಣು ಬಿದ್ದದ್ದು ಪುಟ್ಟಿಯ ಗಂಡನ ಮೇಲೆ. ಅವನು ಬಸ್ಸಿನ ಮಾಲೀಕನಿಗೆ ಟೈರು ಪೂರೈಸುವವನು.

“ದೂರು ಕೊಟ್ಟಿದ್ದು ಅವನೇ,” ಎಂದಿದ್ದಳು ಅಕ್ಕ. “ಹೆಂಡ್ತೀನೇ ಅಲ್ಲಿ ಕೂತಿರುವಾಗ ಎಲ್ಲಿ ಒತ್ತಿದ್ರೆ ಏನಾಗತ್ತೆ ಅಂತ ಅವನಿಗೆ ಗೊತ್ತಿಲ್ವಾ?”

ಪುಟ್ಟಿ ಆವತ್ತು ಅಕ್ಕನ ಮೇಲೆ ಹರಿಹಾಯ್ದಳು. ಆದರೆ ತಲೆಯೊಳಗೆ ಹುಳ ಹೊಕ್ಕಾಗಿತ್ತು. ಗಂಡ ಈಚೆಗೆ ಫೋನು ಬಂದರೆ ಬಾಲ್ಕನಿಗೆ ಹೋಗುತ್ತಿದ್ದ, ಒಳಗೆ ಬಂದರೆ ಫೋನನ್ನು ಬೋರಲು ಹಾಕಿಡುತ್ತಿದ್ದ. ಹದಿನಾಲ್ಕು ವರ್ಷದಲ್ಲಿ ಒಮ್ಮೆಯೂ ಮಾಡದ ಕೆಲಸವನ್ನು ಅವಳು ಅವನು ಸ್ನಾನಕ್ಕೆ ಹೋದಾಗ ಮಾಡಿದಳು. ವಾರದಲ್ಲಿ ಬಸ್ಸಿನ ಮಾಲೀಕನಿಗೆ ಏಳು ಕರೆ. ಏನಂತೆ ಅವನದು ಎಂದು ಕೇಳಿದರೆ, ಟೈರಿನ ವಿಷಯ ಎಂದು ಷರ್ಟಿನ ಗುಂಡಿ ನೋಡುತ್ತಾ ಹೇಳಿದ. ಆ ಗುಂಡಿಯಲ್ಲಿ ಅಷ್ಟು ನೋಡುವಂಥದ್ದೇನೂ ಇರಲಿಲ್ಲ. ಅಂದಿನಿಂದ ಅವನು ಕೊಟ್ಟ ಕಾಫಿಯೂ ಅವಳಿಗೆ ಒಂಥರಾ ಅನ್ನಿಸತೊಡಗಿತು.

ಹಾಗೆಂದು ಕತ್ತರಿ ಹಾಕುವ ಕೆಲಸದ ಬಗ್ಗೆ ಅವಳಿಗೆ ನಾಚಿಕೆಯೇನೂ ಇರಲಿಲ್ಲ. ಎರಡು ವರ್ಷದ ಹಿಂದೆ ‘ಮಕ್ಕಳ ಕಳ್ಳ ಬಂದಿದ್ದಾನೆ, ಎಲ್ಲರಿಗೂ ಕಳಿಸಿ’ ಎಂಬ ಗಾಳಿಸುದ್ದಿ ಹಬ್ಬಿ, ಅವರ ಬೀದಿಯ ದರ್ಜಿಯನ್ನೇ ಜನ ಹಿಡಿದು ಬಡಿದಿದ್ದರು. ಅವನ ಬಲಗೈ ಇವತ್ತಿಗೂ ಸೂಜಿ ಹಿಡಿಯುವುದಿಲ್ಲ. ಆಮೇಲೆ ಬಂದ ಕಾನೂನು, ಮಕ್ಕಳ ವಿಷಯದಲ್ಲಿ ದಿಗಿಲೆಬ್ಬಿಸುವ ಬರಹವನ್ನು ಗಂಟೆಯೊಳಗೆ ತೀರ್ಮಾನಿಸಬೇಕು ಎಂದಿತು. ಬಾಯಿಗೆ ಬೀಗ ಹಾಕುತ್ತಾರೆ ಎಂದು ಕೂಗಿದವರನ್ನೆಲ್ಲ ಪುಟ್ಟಿ ದರ್ಜಿಯ ಅಂಗಡಿಗೆ ಹೋಗಿ ನೋಡಿ ಬನ್ನಿ ಎಂದು ಗದರಿದ್ದಳು. ಅದರಲ್ಲಿ ಅವಳದೇನೂ ತಪ್ಪಿರಲಿಲ್ಲ.

ಹೋದ ವಾರ ಅವಳನ್ನು ಮೇಲ್ಮನವಿ ಮೇಜಿಗೆ ಹಾಕಿದ್ದರು. ತೆಗೆದುಹಾಕಿದ ಬರಹದ ಬಗ್ಗೆ ಯಾರಾದರೂ ತಕರಾರು ಮಾಡಿದರೆ ಅದು ಆ ಮೇಜಿಗೆ ಬರುತ್ತದೆ. ತೆಗೆದವರ ಕೈಗೇ ಅದು ವಾಪಸು ಬರಬಾರದೆಂಬ ನಿಯಮವಿದೆ, ಆದರೆ ಕಂಪ್ಯೂಟರಿಗೆ ಗೊತ್ತಿರುವುದು ಮನುಷ್ಯರಲ್ಲ, ಅವರ ಸಂಖ್ಯೆ. ಮೇಜು ಬದಲಾದಾಗ ಪುಟ್ಟಿಯ ಸಂಖ್ಯೆಯೂ ಬದಲಾಗಿತ್ತು.

ಮಂಗಳವಾರ ಊಟಕ್ಕೆ ಏಳುವ ಹೊತ್ತಿಗೆ ತೆರೆಯ ಮೇಲೆ ಒಂದು ಮನವಿ ಬಂತು, ಜೊತೆಗೆ ತೆಗೆದುಹಾಕಿದ ಬರಹವೂ. ‘ನಾಲ್ಕನೇ ನಂಬರ್ ಬಸ್ಸಿನ ಹಿಂಬಾಗಿಲು ಮುಚ್ಚಿದ್ದಾರೆ, ನಿಮ್ಮ ಮಕ್ಕಳು ಅಪಾಯದಲ್ಲಿದ್ದಾರೆ, ಅಳಿಸುವ ಮೊದಲು ಎಲ್ಲರಿಗೂ ಕಳಿಸಿ.’ ಹೆಸರಿಲ್ಲದಿದ್ದರೇನು, ಅದು ಅಕ್ಕನದೇ. ಪುಟ್ಟಿ ಮನವಿಯನ್ನು ಪೂರ್ತಿ ಓದಲೂ ಇಲ್ಲ. ಅವಳಿಗೆ ಬೇಕಾಗಿದ್ದದ್ದು ದೂರು ಕೊಟ್ಟವರು ಯಾರು ಎಂಬುದಷ್ಟೇ. ಗಂಡನ ಫೋನ್ ನಂಬರೇ ಅಲ್ಲಿ ಇರುತ್ತದೆಂಬ ಹೆದರಿಕೆಯಲ್ಲಿ ಹಿಂದಿನ ದಾಖಲೆ ತೆರೆದಳು.

ದೂರುದಾರರು: ಯಾರೂ ಇಲ್ಲ. ಪದಗಳನ್ನು ನೋಡಿ ಕಂಪ್ಯೂಟರೇ ಎತ್ತಿ ಕೊಟ್ಟಿತ್ತು.

ಅವಳು ಉಸಿರು ಬಿಟ್ಟಳು. ಮರುಕ್ಷಣ ಕಣ್ಣು ಕೆಳಗಿನ ಸಾಲಿಗೆ ಹೋಯಿತು. ಸಮಯ ಉಳಿಸಲು ಅಲ್ಲಿ ಪ್ರತಿಯೊಬ್ಬರೂ ತಮ್ಮದೇ ಆದ ಸಿದ್ಧ ವಾಕ್ಯಗಳನ್ನು ಬರೆದಿಟ್ಟುಕೊಂಡಿರುತ್ತಾರೆ. ಒಂದು ಗುಂಡಿ ಒತ್ತಿದರೆ ಇಡೀ ವಾಕ್ಯ ಬಂದು ಕೂರುತ್ತದೆ. ಕಚೇರಿಯವರಿಗಷ್ಟೇ ಕಾಣುವಂತೆ ಆ ಬರಹದ ಕೆಳಗೆ ಇದ್ದದ್ದು: ‘ಆಧಾರವಿಲ್ಲದ ಬರಹ. ಇಂಥದ್ದೇ ಮಾತಿನಿಂದ ಒಬ್ಬ ದರ್ಜಿ ಕೈ ಕಳೆದುಕೊಂಡಿದ್ದಾನೆ.’ ಇಡೀ ಕಚೇರಿಯಲ್ಲಿ ದರ್ಜಿಯ ಹೆಸರೆತ್ತುವ ವಾಕ್ಯ ಒಬ್ಬಳದೇ. ಪಕ್ಕದಲ್ಲಿ ಅವಳ ಹಳೆಯ ಸಂಖ್ಯೆ. ನೋಡಿದ ಸಮಯ ಹನ್ನೊಂದು ಸೆಕೆಂಡು. ಫೋಟೋ ತೆರೆದಿದ್ದಾರೆಯೇ: ಇಲ್ಲ.

ಮಕ್ಕಳಿರುವ ಫೋಟೋಗಳು ಮಸುಕಾಗಿಯೇ ಬರುತ್ತವೆ. ತೆರೆಯಲು ಎರಡು ಸಲ ಒತ್ತಬೇಕು, ಕಾಯಬೇಕು. ದಿನಕ್ಕೆ ಆರುನೂರು ಬರಹ ಮುಗಿಸಬೇಕಾದವರು ಅದನ್ನು ತೆರೆಯುವುದಿಲ್ಲ, ಪದಗಳನ್ನು ನೋಡಿಯೇ ಮುಗಿಸುತ್ತಾರೆ. ಪುಟ್ಟಿ ಈಗ ತೆರೆದಳು. ಬಾಗಿಲಿನ ಸಂದಿಯುದ್ದಕ್ಕೂ ವೆಲ್ಡಿಂಗಿನ ದಪ್ಪ ಗೆರೆ ಹರಿದಿತ್ತು. ‘ತುರ್ತು’ ಎಂಬ ಕೆಂಪು ಅಕ್ಷರಗಳು ಅರ್ಧ ಸುಟ್ಟಿದ್ದವು. ಮೇಲಿನ ಗಾಜಿಗೆ ಒಂದು ಮಗು ಮೂಗು ಒತ್ತಿಕೊಂಡು ನಗುತ್ತಿತ್ತು.

ಸಂಬಂಧಿಕರ ಬರಹವನ್ನು ಮುಟ್ಟುವ ಹಾಗಿಲ್ಲ. ಬೇರೆ ಮೇಜಿಗೆ ತಳ್ಳಿದರೆ ರಾಶಿಯ ಅಡಿಗೆ ಹೋಗುತ್ತದೆ, ಸಂಜೆಯೊಳಗೆ ಮೇಲೆ ಬರುವುದಿಲ್ಲ. ಅವಳು ಎದ್ದು ಮೇಲ್ವಿಚಾರಕಿಯ ಬಳಿ ಹೋಗಿ, ಇದು ತನ್ನ ಅಕ್ಕನದೆಂದೂ ತೆಗೆದವಳು ತಾನೇ ಎಂದೂ ಹೇಳಿದಳು. ಮೇಲ್ವಿಚಾರಕಿ ಕನ್ನಡಕದ ಮೇಲಿನಿಂದ ಅವಳನ್ನು ಅಳೆದಳು.

“ಅಕ್ಕನಿಗೋಸ್ಕರ ಈಗ ಕತೆ ಕಟ್ತಿಲ್ಲ ತಾನೆ?”

“ಫೋಟೋ ತೆರೆದು ನೋಡಿ ಮೇಡಂ. ನಾನು ನೋಡಿರ್ಲಿಲ್ಲ.”

ಮೇಲ್ವಿಚಾರಕಿ ನೋಡಿದಳು. ಬರಹವನ್ನು ಮರಳಿ ಹಾಕಿದಳು. ಆಮೇಲೆ ವಿಚಾರಣೆ ಮುಗಿಯುವವರೆಗೆ ಬರಬೇಡ ಎಂದು ಪುಟ್ಟಿಯ ಗುರುತಿನ ಚೀಟಿ ತೆಗೆದುಕೊಂಡಳು.

ಪುಟ್ಟಿ ಅಲ್ಲಿಂದ ನೇರ ಹೋದಾಗ ಅಕ್ಕ ತನ್ನ ಮನೆಯಲ್ಲೇ ಇದ್ದಳು. ಮೇಜಿನ ಮೇಲೆ ತಪ್ಪೊಪ್ಪಿಗೆಯ ಬಿಳಿ ಹಾಳೆ, ಅದರ ಮೇಲೆ ಮುಚ್ಚಳ ತೆಗೆಯದ ಪೆನ್ನು. ಬೆಳಿಗ್ಗೆ ಪುಟ್ಟಿಯ ಗಂಡ ಬಂದು ಹೋಗಿದ್ದನಂತೆ. ಅಕ್ಕನನ್ನು ಕೆಲಸದಿಂದ ತೆಗೆಯಬೇಡಿ ಎಂದು ವಾರದಿಂದ ಮಾಲೀಕನಿಗೆ ಗೋಗರೆಯುತ್ತಿದ್ದವನು ಅವನೇ. ಮಾಲೀಕ ಜಗ್ಗುತ್ತಿಲ್ಲವೆಂದು ಪುಟ್ಟಿಗೆ ಗೊತ್ತಾದರೆ ಕಚೇರಿಯಲ್ಲಿ ಏನಾದರೂ ಮಾಡಲು ಹೋಗಿ ಕೆಲಸ ಕಳೆದುಕೊಂಡಾಳು ಎಂದು ಬಾಯಿ ಬಿಟ್ಟಿರಲಿಲ್ಲ. ಸುಮ್ಮನೆ ಅವನನ್ನ ಅಂದ್ಬಿಟ್ಟೆ ಎಂದು ಅಕ್ಕ ನೊಂದುಕೊಂಡಳು.

ಪುಟ್ಟಿ ನಿಂತೇ ಇದ್ದಳು. “ಅಕ್ಕಾ, ಅದು ವಾಪಸ್ ಬಂದಿದೆ, ನೋಡು. ತೆಗೆದಿದ್ದು ನಾನು.”

ಅಕ್ಕ ಆ ಬಿಳಿ ಹಾಳೆಯನ್ನು ಮಡಿಸಿ ಪಕ್ಕಕ್ಕಿಟ್ಟಳು. ಬಯ್ಯುತ್ತಾಳೆಂದು ಪುಟ್ಟಿ ಕಾದಳು, ಬಯ್ದಿದ್ದರೆ ಚೆನ್ನಾಗಿತ್ತು.

“ಅದನ್ನ ಹಾಕೋವಾಗ ನಂಗೆ ಹೆದರಿಕೆ ಇತ್ತು ಪುಟ್ಟಿ,” ಎಂದಳು ಅಕ್ಕ. “ಅಲ್ಲಿ ನಮ್ಮ ಪುಟ್ಟಿ ಇದಾಳೆ, ಅವಳ ಕಣ್ಣಿಗೆ ಬಿದ್ರೆ ಸಾಕು ಅನ್ಕೊಂಡು ಹಾಕಿದ್ದೆ.”