ಸೋಮವಾರದ ಖಾಲಿ ಬೋನು

ಬಂಗಾರಪೇಟೆಯ ಕಾಂತರಾಜ್ ಎಂಜಿನಿಯರಿಂಗ್ ವರ್ಕ್ಸ್‌ನಲ್ಲಿ ಅರವತ್ತು ಕೆಲಸಗಾರರು, ಹನ್ನೊಂದು ಲೇತು. ಕಂಪ್ಯೂಟರಿಗೆ ಸಂಬಂಧಪಟ್ಟ ಸಕಲಕ್ಕೂ ಒಬ್ಬಳೇ ಒಬ್ಬಳು, ಶ್ಯಾಮಲಾ. ಉರಿಗಾಂನಿಂದ ಬೆಳಗಿನ ರೈಲಿಗೆ ಬರುತ್ತಿದ್ದಳು. ಜೊತೆಗೆ ಅವಳ ಅಪ್ಪ ಕೋದಂಡಪ್ಪ. ಚಿನ್ನದ ಗಣಿ ಮುಚ್ಚುವವರೆಗೂ ಅಲ್ಲಿನ ಚಾಂಪಿಯನ್ ರೀಫ್ಸ್‌ನಲ್ಲಿ ಆಳುಗಳನ್ನು ಪಾತಾಳಕ್ಕಿಳಿಸುವ ಬೋನಿನ ಎಂಜಿನ್ ಓಡಿಸಿದವನು, ಈಗ ಇದೇ ಕಾರ್ಖಾನೆಯ ಕಂಪ್ರೆಸರ್ ನೋಡಿಕೊಳ್ಳುತ್ತಿದ್ದ. ಕೆಲಸ ಚಿಕ್ಕದಾಯಿತೆಂದು ಅವನ ಗತ್ತೇನೂ ಚಿಕ್ಕದಾಗಿರಲಿಲ್ಲ.

ಕಾರ್ಖಾನೆ ಪಂಪಿನ ಬಿಡಿಭಾಗ ಮಾಡುತ್ತಿತ್ತು. ಪ್ರತಿ ತುಂಡಿಗೂ ಒಂದು ಜಾತಕ ಬೇಕು: ಯಾವ ಉಕ್ಕು, ಯಾರು ಕಡೆದರು, ಯಾರು ಅಳೆದರು. ಹಿಂದೆ ಅದಕ್ಕೆಂದು ಕೊಂಡಿದ್ದ ಸಾಫ್ಟ್‌ವೇರ್ ಮಾರಿದವನು ಒಂದು ದಿನ ಅಂಗಡಿ ಮುಚ್ಚಿಕೊಂಡು ಹೋದ. ಬೀಗ ಅವನದು, ಕೀಲಿಯೂ ಅವನದೇ. ಎಂಟು ತಿಂಗಳ ದಾಖಲೆ ಒಳಗೇ ಉಳಿಯಿತು. ಎಲ್ಲರೂ ತಲೆ ಚಚ್ಚಿಕೊಳ್ಳುತ್ತಿದ್ದಾಗ, ಟೈಪ್ ಮಾಡಲು ಸೇರಿದ್ದ ಡಿಪ್ಲೊಮಾ ಹುಡುಗಿ ಶ್ಯಾಮಲಾ ಬಾಯಿ ತೆರೆದಳು. ಒಳಗೇನಿದೆಯೆಂದು ಯಾರು ಬೇಕಾದರೂ ನೋಡಿ ತಿದ್ದಬಹುದಾದ ಓಪನ್ ಸೋರ್ಸ್ ಸಾಫ್ಟ್‌ವೇರ್ ಇದೆ, ಅದನ್ನು ಕ್ಲೌಡ್‌ನಲ್ಲಿ ಬಾಡಿಗೆ ಯಂತ್ರದ ಮೇಲೆ ಇಡೋಣ, ಇಲ್ಲಿ ಸೂರು ಕುಸಿದರೂ ದಾಖಲೆ ಉಳಿಯುತ್ತದೆ ಎಂದಳು.

"ಯಾರ್ದೂ ಅಲ್ದಿರೋ ಸಾಮಾನು! ಕೆಟ್ರೆ ಯಾರಮ್ಮ ಜವಾಬ್ದಾರಿ?" ಎಂದ ಮಾಲೀಕ ಕಾಂತರಾಜ್.

"ನಾನು" ಎಂದುಬಿಟ್ಟಳು. ಆಡಿದ ಮಾತನ್ನು ಮೂರು ವರ್ಷ ಹೊತ್ತಳು ಕೂಡ. ಲೇತಿನ ಕೆಲಸಗಾರ ಕುಪ್ಪುಸ್ವಾಮಿಗೆ ತಮಿಳಿನಲ್ಲಿ, ಗಡಿಯ ಕಡೆಯವರಿಗೆ ತೆಲುಗಿನಲ್ಲಿ, ಉಳಿದವರಿಗೆ ಕನ್ನಡದಲ್ಲಿ ಪರದೆ ತೆರೆಯುವಂತೆ ಮಾಡಿದಳು. ಕೊಂಡ ಸಾಫ್ಟ್‌ವೇರಿನಲ್ಲಿ ಒಂದು ಚುಕ್ಕೆ ಅಲುಗಿಸಲಿಕ್ಕೂ ಅಪ್ಪಣೆ ಬೇಕಿತ್ತು.

ಆದರೆ ಕಾರ್ಖಾನೆಯವರು ಅವಳನ್ನು ಗೇಲಿ ಮಾಡುತ್ತಿದ್ದದ್ದು ಬೇರೊಂದು ಚಾಳಿಗೆ. ಗಣಿಯಲ್ಲಿ ಪ್ರತಿ ಪಾಳಿಗೂ ಮೊದಲು ಬೋನನ್ನು ಖಾಲಿಯಾಗಿ ತಳದವರೆಗೆ ಇಳಿಸಿ ಹತ್ತಿಸುತ್ತಿದ್ದರು. ಅದು ಸುಖವಾಗಿ ಮೇಲೆ ಬಂದ ಮೇಲೇ ಆಳು ಹತ್ತುವುದು. ಹಗ್ಗ ಎಲ್ಲಿ ಉಜ್ಜಿತು, ಬ್ರೇಕು ಎಲ್ಲಿ ಜಾರಿತು, ಎಲ್ಲವೂ ಕೆಂಪು ಶಾಯಿಯಲ್ಲಿ ಪುಸ್ತಕಕ್ಕೆ. ಮನೆಯಲ್ಲಿ ಇದನ್ನೇ ಕೇಳಿ ಬೆಳೆದ ಶ್ಯಾಮಲಾ, ಪ್ರತಿ ಸೋಮವಾರ ದಾಖಲೆಗಳ ನಕಲು ಪ್ರತಿಯಿಂದ ಇಡೀ ವ್ಯವಸ್ಥೆಯನ್ನು ಇನ್ನೊಂದು ಖಾಲಿ ಯಂತ್ರದ ಮೇಲೆ ಹೊಸದಾಗಿ ಎಬ್ಬಿಸಿ ನೋಡುತ್ತಿದ್ದಳು. ಎದ್ದರೆ ತನ್ನ ಪುಸ್ತಕದಲ್ಲಿ ನೀಲಿ ಶಾಯಿ, ಏಳದಿದ್ದರೆ ಕೆಂಪು. "ಅಪ್ಪನ ಮಗಳು ಖಾಲಿ ಬೋನು ಇಳಿಸ್ತಾವ್ಳೆ ಕಣ್ಲಾ" ಎಂದು ಲೇತಿನವರು ನಗುತ್ತಿದ್ದರು. ನಕ್ಕರೆ ನಗಲಿ, ಅವಳು ಬಿಟ್ಟವಳಲ್ಲ.

ಹೀಗಿರುವಾಗ ಬೆಂಗಳೂರಿನ ದೊಡ್ಡ ಪಂಪ್ ಕಂಪನಿಯೊಂದು ಕಾಯಂ ಆರ್ಡರ್ ಕೊಡಲು ಮುಂದೆ ಬಂತು. ಮೊದಲು ಅವರ ಕಡೆಯಿಂದ ಅರುಣಕುಮಾರಿ ಎಂಬಾಕೆ ಬಂದು ದಾಖಲೆಯ ವ್ಯವಸ್ಥೆ ಒಪ್ಪಬೇಕು. ಒಪ್ಪದಿದ್ದರೆ ಆರ್ಡರೂ ಇಲ್ಲ, ಶ್ಯಾಮಲಾಳ ವ್ಯವಸ್ಥೆಯೂ ಇಲ್ಲ. ಯಾವುದಾದರೂ ಹೆಸರುವಾಸಿ ಸಂಸ್ಥೆಗೆ ಒಪ್ಪಿಸಿಬಿಡುತ್ತೇನೆಂದು ಕಾಂತರಾಜ್ ಮೊದಲೇ ಹೇಳಿದ್ದ. ಆಕೆ ಬರುವ ಹಿಂದಿನ ದಿನ ಶ್ಯಾಮಲಾಳ ಪುಸ್ತಕ ತಿರುವಿ ನೋಡಿ ಅವನ ಮುಖ ಹುಳ್ಳಗಾಯಿತು.

"ಒಂಬತ್ತು ಕಡೆ ಕೆಂಪು! ಇದನ್ನ ತೋರಿಸಿದ್ರೆ ಮಾನ ಓಯ್ತದೆ. ಹೊಸ ಪುಸ್ತಕದಲ್ಲಿ ನೀಲಿದಷ್ಟೇ ಬರ್ಕೊಂಡ್ ಬಾ" ಎಂದ.

ಅವಳಿಗೆ ಅವಮಾನವಾಯಿತು. ಸುಳ್ಳು ಹೇಳಬೇಕೆಂಬುದಕ್ಕಲ್ಲ, ಕೆಂಪೆಲ್ಲ ತನ್ನ ತಪ್ಪೇ ಎಂಬುದಕ್ಕೆ. ಒಮ್ಮೆ ನಕ್ಷೆಗಳ ಕಡತವನ್ನೇ ನಕಲು ಮಾಡಿರಲಿಲ್ಲ, ಇನ್ನೊಮ್ಮೆ ಪಾಸ್‌ವರ್ಡ್ ಮರೆತಿದ್ದಳು. ಸಂಜೆಯ ರೈಲಿನಲ್ಲಿ ಹೊಸ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಬರೆಯಲು ಕೂತಳು. ಎದುರು ಕೂತ ಕೋದಂಡಪ್ಪ ನಾಲ್ಕು ಸಾಲು ಆಗುವವರೆಗೆ ನೋಡಿದ.

"ಅಮ್ಮಣ್ಣಿ, ಗಣಿಗೆ ಹೊಸ್ದಾಗಿ ಬಂದೋನು ಬೋನು ಅತ್ತೋಕೆ ಮುಂಚೆ ಪುಸ್ತಕ ನೋಡ್ತಿದ್ದ. ಕೆಂಪು ಸಾಲು ಇದ್ರೆ ಧೈರ್ಯವಾಗಿ ಅತ್ತೋನು. ಒಂದೂ ಇಲ್ದಿದ್ರೆ ಇವ್ರು ನೋಡೇ ಇಲ್ಲ ಅಂತ ಇಂದಕ್ಕೆ ಸರಿಯೋನು. ನಾಳೆ ಆ ಯಮ್ಮನೂ ಅತ್ತೋಕೇ ಬತ್ತಾವ್ಳೆ."

ಶ್ಯಾಮಲಾ ಪೆನ್ನಿನ ಮುಚ್ಚಳ ಹಾಕಿದಳು.

ಮರುದಿನ ಅರುಣಕುಮಾರಿ ಬಂದಳು. ಕಾಫಿ ಬೇಡ ಎಂದಳು, ಹಾರ ಬೇಡ ಎಂದಳು. "ಇಂಥ ವ್ಯವಸ್ಥೆ ಎಲ್ಲರೂ ಇದೆ ಅಂತಾರೆ. ಬಿದ್ದರೆ ಏಳುತ್ತಾ?" ಎಂದು ಕೇಳಿದಳು. ಶ್ಯಾಮಲಾ ಹಳೆಯ ಪುಸ್ತಕವನ್ನೇ ಮುಂದಿಟ್ಟಳು. ಕಾಂತರಾಜ್ ಕಣ್ಣಲ್ಲೇ ಅವಳನ್ನು ಸುಟ್ಟ.

ಆಕೆ ನೀಲಿ ಸಾಲುಗಳನ್ನು ಹಾರಿಸಿ ಒಂಬತ್ತು ಕೆಂಪನ್ನೂ ಓದಿದಳು. ಪ್ರತಿಯೊಂದರ ಕೆಳಗೂ ಏನು ಕೆಟ್ಟಿತು, ಹೇಗೆ ಸರಿಮಾಡಿದ್ದು, ಮತ್ತೆಂದು ಪರೀಕ್ಷಿಸಿದ್ದು ಎಂದಿತ್ತು. ಪುಸ್ತಕ ಮುಚ್ಚಿ, "ಸರಿ. ಈಗಲೇ ಅಳಿಸಿಬಿಡಿ. ಖಾಲಿ ಯಂತ್ರವಲ್ಲ, ಓಡುತ್ತಿರುವುದನ್ನೇ" ಎಂದಳು.

ಕಾಂತರಾಜ್ ಕುರ್ಚಿಯ ಕೈ ಹಿಡಿದುಕೊಂಡ. ಶ್ಯಾಮಲಾ ಇನ್ನು ಮುಂದಿನ ಕೆಲಸವನ್ನು ಕಾಗದದಲ್ಲಿ ಬರೆದುಕೊಳ್ಳಲು ಲೇತಿನವರಿಗೆ ಹೇಳಿ ಕಳಿಸಿದಳು, ಕೊನೆಯ ನಕಲು ತೆಗೆದಳು, ಅಳಿಸಿದಳು. ಮೂರು ವರ್ಷದ ದುಡಿಮೆ ಇದ್ದ ಕಡೆ ಬಿಳಿ ಪರದೆ ನಿಂತಿತು.

ಲೇತುಗಳು ಒಂದೊಂದಾಗಿ ನಿಂತವು. ಗೇಲಿ ಮಾಡುತ್ತಿದ್ದವರೇ ಬಾಗಿಲಲ್ಲಿ ಗುಂಪುಗೂಡಿದರು. ಅವಳು ಯಾರನ್ನೂ ನೋಡಲಿಲ್ಲ. ಕ್ಲೌಡ್‌ನಲ್ಲಿ ಬೇರೆ ಊರಿನ ಹೊಸ ಯಂತ್ರವೊಂದನ್ನು ಬಾಡಿಗೆಗೆ ತೆರೆದು, ನೂರಕ್ಕೂ ಹೆಚ್ಚು ಸೋಮವಾರ ಮಾಡಿದ್ದನ್ನೇ ಅದೇ ಕ್ರಮದಲ್ಲಿ ಮಾಡಿದಳು. ನಡುವೆ ಒಮ್ಮೆ ಕೆಲಸ ತಡೆದು ನಿಂತಾಗ ಕಾಂತರಾಜ್ "ಅಯ್ಯೋ" ಎಂದ. ಮೂರನೇ ಕೆಂಪು ಸಾಲಿನ ತೊಂದರೆಯೇ ಅದು, ಮದ್ದು ಅವಳಿಗೆ ಗೊತ್ತಿತ್ತು. ನಲವತ್ತೊಂದನೇ ನಿಮಿಷಕ್ಕೆ ಕುಪ್ಪುಸ್ವಾಮಿ ತನ್ನ ಲೇತಿನ ಬಳಿಯಿಂದ "ವಂದಿರುಚ್ಚು! ಬಂದ್ಬುಡ್ತು!" ಎಂದು ಕೂಗಿದ. ಅವನ ತಮಿಳು ಪರದೆಯಲ್ಲಿ ಬೆಳಿಗ್ಗೆ ಕಡೆದ ಹದಿನೇಳು ತುಂಡೂ ಇದ್ದವು.

ಅರುಣಕುಮಾರಿ ಮೊದಲ ಸಲ ನಕ್ಕಳು. "ನಿಜ ಹೇಳಲಾ? ನಮ್ಮ ಆಫೀಸಿನಲ್ಲೇ ಇದನ್ನು ಮಾಡಿಸುವ ಧೈರ್ಯ ನನಗಿಲ್ಲ" ಎಂದು ತನ್ನ ಫಾರಂ ತೆಗೆದಳು. "ಐಟಿ ನಡೆಸುವ ಸಂಸ್ಥೆ ಯಾವುದು?"

ಎಲ್ಲರೂ ಮಾಲೀಕನನ್ನು ನೋಡಿದರು. ಅವನು ಎದ್ದು ನಿಂತು ಅಂಗಿ ಸರಿಮಾಡಿಕೊಂಡ. "ಸಂಸ್ಥೆ ಗಿಂಸ್ಥೆ ಇಲ್ಲ ಮೇಡಂ. ಇವಳೇ. ನಮ್ಮ ಶ್ಯಾಮಲಾ."

ಆಕೆ 'ಸಂಸ್ಥೆ' ಎಂಬುದನ್ನು ಹೊಡೆದುಹಾಕಿ ಹೆಸರು ಬರೆದಳು. "ಇನಿಷಿಯಲ್?"

"ಕೆ" ಎಂದಳು ಶ್ಯಾಮಲಾ.

"ಕೆ ಅಂದ್ರೆ ಕೋದಂಡಪ್ಪ" ಎಂದಿತು ಬಾಗಿಲಿನ ಗುಂಪಿನ ಹಿಂದಿನಿಂದ ಒಂದು ದನಿ. "ಪೂರ್ತಿ ಬರ್ಕೊಳ್ಳಿ ಮೇಡಂ, ಜಾಗ ಐತೆ."